ಗೇಮ್ ಉದ್ಯಮದ ಸಂಘಗಳಿಂದ ನಮ್ಮಂಥ ಸಣ್ಣ ತಂಡಕ್ಕೆ ಏನು ಪ್ರಯೋಜನ?

ಪ್ರಶ್ನೆ: ಕವಡೆ, ಹಾಸನ

ಹಾಸನದ ಕೆ.ಆರ್. ಪುರಂನಲ್ಲಿ ಮಹಡಿಯ ಮೇಲಿನ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು ನಾವು ಮೂವರು ಚೌಕಾಬಾರವನ್ನು ಮೊಬೈಲ್ ಗೇಮ್ ಆಗಿ ರೂಪಿಸುತ್ತಿದ್ದೇವೆ. ಕವಡೆ ಉರುಳುವ ಸದ್ದನ್ನು ಅಜ್ಜಿಯ ಮನೆಯ ಕೆಂಪು ಗಾರೆ ನೆಲದ ಮೇಲೆಯೇ ಧ್ವನಿಮುದ್ರಿಸಿಕೊಂಡೆವು. ಕಳೆದ ತಿಂಗಳು ಚಾಲ್ತಿ ಖಾತೆ ತೆರೆಯಲು ಬ್ಯಾಂಕೊಂದಕ್ಕೆ ಹೋದಾಗ, ಅರ್ಜಿಯಲ್ಲಿ ‘ಗೇಮಿಂಗ್’ ಎಂಬ ಪದ ಕಂಡ ಕೂಡಲೇ ಅಲ್ಲಿನ ಅಧಿಕಾರಿ, ಇದಕ್ಕೆ ನಿಷೇಧ ಬಂದಿದೆಯಲ್ಲ ಎಂದು ಅರ್ಜಿಯನ್ನು ಪಕ್ಕಕ್ಕಿಟ್ಟರು. ನಮ್ಮ ಆಟದಲ್ಲಿ ಪಣವೇ ಇಲ್ಲವೆಂದು ಮನವರಿಕೆ ಮಾಡಿಕೊಡಲು ಅರ್ಧ ದಿನ ಹಿಡಿಯಿತು. ಉದ್ಯಮದ ಸಂಘಕ್ಕೆ ಚಂದಾ ಕಟ್ಟಿ ಸೇರಿದರೆ ಇಂಥ ಕಡೆ ನಮ್ಮ ಪರವಾಗಿ ಯಾರಾದರೂ ಮಾತನಾಡುತ್ತಾರೆಯೇ?

ಉತ್ತರ: ಗಿರಿಸಾಲು, ಚಿಕ್ಕಮಗಳೂರು

ಸಂಘದ ಬಲವನ್ನು ಅಮೆರಿಕದ ಉದಾಹರಣೆಯಲ್ಲಿ ಕಾಣಬಹುದು. 1993ರಲ್ಲಿ ಅಲ್ಲಿನ ಸೆನೆಟ್ ಆಟಗಳಲ್ಲಿನ ಹಿಂಸೆಯ ಕುರಿತು ವಿಚಾರಣೆ ನಡೆಸಿ, ಉದ್ಯಮ ತಾನೇ ಎಚ್ಚೆತ್ತುಕೊಳ್ಳದಿದ್ದರೆ ಸರ್ಕಾರವೇ ಕೈಹಾಕುತ್ತದೆ ಎಂಬ ಸ್ಥಿತಿ ಬಂದಾಗ, ಕಂಪನಿಗಳು 1994ರಲ್ಲಿ ಒಂದು ಸಂಘವನ್ನು ಕಟ್ಟಿಕೊಂಡು, ಇಎಸ್‌ಆರ್‌ಬಿ ಎಂಬ ವಯೋಮಾನದ ಶ್ರೇಣೀಕರಣವನ್ನು ಜಾರಿಗೆ ತಂದವು. ಆ ಸಂಘವೇ ಇಂದಿನ ಎಂಟರ್‌ಟೈನ್‌ಮೆಂಟ್ ಸಾಫ್ಟ್‌ವೇರ್ ಅಸೋಸಿಯೇಷನ್. ಹಿಂಸಾತ್ಮಕ ಆಟಗಳನ್ನು ಅಪ್ರಾಪ್ತರಿಗೆ ಮಾರುವುದನ್ನು ತಡೆಯುವ ಕ್ಯಾಲಿಫೋರ್ನಿಯಾದ ಕಾನೂನನ್ನು ಅದು ವ್ಯಾಪಾರಿಗಳ ಸಂಘದ ಜೊತೆಗೂಡಿ ಪ್ರಶ್ನಿಸಿತು; 2011ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ರದ್ದುಪಡಿಸಿತು. ಇಷ್ಟು ದೀರ್ಘ ಹೋರಾಟದ ಖರ್ಚನ್ನು ಮೂವರ ತಂಡ ಹೊರಲಾರದು. ಆದರೆ ಅದೇ ಸಂಘ 1995ರಿಂದ ನಡೆಸುತ್ತಿದ್ದ ಇ3 ಪ್ರದರ್ಶನ, ದೊಡ್ಡ ಕಂಪನಿಗಳು ಹೊರನಡೆದ ಮೇಲೆ 2023ರಲ್ಲಿ ಶಾಶ್ವತವಾಗಿ ನಿಂತಿತು ಎಂಬುದನ್ನೂ ಮರೆಯಬೇಡಿ.

ಉತ್ತರ: ಎರಡೆಕರೆ, ಮೂಡಿಗೆರೆ

ನಮ್ಮಲ್ಲಿನ ತೊಡಕೇ ಬೇರೆ. ಆನ್‌ಲೈನ್ ಪಣದಾಟಗಳನ್ನು ನಿಷೇಧಿಸಿದ ಕರ್ನಾಟಕದ 2021ರ ತಿದ್ದುಪಡಿಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿ, 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿಕೊಂಡವರಲ್ಲಿ ಆಲ್ ಇಂಡಿಯಾ ಗೇಮಿಂಗ್ ಫೆಡರೇಷನ್ ಪ್ರಮುಖವಾದುದು. ಅಲ್ಲಿ ದನಿ ಎತ್ತಿದ್ದು ಹಣ ಕಟ್ಟಿಸಿ ಆಡಿಸುವ ಕಂಪನಿಗಳ ಹಿತಕ್ಕಾಗಿ. ಚೌಕಾಬಾರ ಮಾಡುವವರಿಗಾಗಿ ಅಲ್ಲ. ಎರಡಕ್ಕೂ ‘ಗೇಮಿಂಗ್’ ಎಂಬ ಒಂದೇ ಹೆಸರು ಅಂಟಿಕೊಂಡಿದ್ದರ ಫಲವನ್ನೇ ನೀವು ಬ್ಯಾಂಕಿನಲ್ಲಿ ಉಂಡಿರಿ. 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ಹಣದ ಆಟಗಳನ್ನು ನಿಷೇಧಿಸಿದರೂ, ಇ-ಸ್ಪೋರ್ಟ್ಸ್ (ಸ್ಪರ್ಧೆಯಾಗಿ ಆಡುವ ವಿಡಿಯೊ ಆಟಗಳು) ಮತ್ತು ಪಣವಿಲ್ಲದ ಸಾಮಾಜಿಕ ಆಟಗಳನ್ನು ಸ್ಪಷ್ಟವಾಗಿ ಬೇರೆಯಾಗಿರಿಸಿದೆ.

ನಮ್ಮ ಬೆಳೆಗಾರರ ಸಂಘದ ಸಭೆಗಳಲ್ಲಿ ಅಪ್ಪ ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿ ಕುಳಿತು ಬರುತ್ತಿದ್ದರು. ಎರಡೆಕರೆಯವರು ಹತ್ತು ಮಂದಿ ಒಟ್ಟಾಗಿ ಎದ್ದು ನಿಂತ ದಿನವಷ್ಟೇ ಆನೆ ತುಳಿದ ತೋಟಗಳ ವಿಷಯ ನಡಾವಳಿ ಪುಸ್ತಕಕ್ಕೆ ಏರಿತು. ಆದ್ದರಿಂದ ಚಂದಾ ಕಟ್ಟುವ ಮೊದಲು ಸದಸ್ಯರ ಪಟ್ಟಿಯನ್ನು ಕೇಳಿ ಪಡೆಯಿರಿ. ಅನಿಮೇಷನ್ ಮತ್ತು ಗೇಮ್ ತಯಾರಕರಿಗಾಗಿ ಬೆಂಗಳೂರಿನಲ್ಲಿ ಎಬಿಎಐ ಎಂಬ ಸಂಘವಿದೆ; ರಾಜ್ಯದ ಎವಿಜಿಸಿ (ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್) ನೀತಿಯ ವಿಚಾರದಲ್ಲಿ ಅದು ಸರ್ಕಾರದೊಂದಿಗೆ ಕೆಲಸ ಮಾಡುತ್ತ ಬಂದಿದೆ. ಮೊದಲು ಅಲ್ಲಿ ವಿಚಾರಿಸಿ.

ಕವಡೆ, ಹಾಸನ

ಇಬ್ಬರಿಗೂ ಕೃತಜ್ಞತೆಗಳು. ಅರ್ಜಿಯಲ್ಲಿ ‘ಗೇಮಿಂಗ್’ ಎಂಬುದನ್ನು ಅಳಿಸಿ ‘ಪಣವಿಲ್ಲದ ಸಾಮಾಜಿಕ ಆಟದ ತಯಾರಿಕೆ’ ಎಂದು ಬರೆದು, ಕಾಯ್ದೆಯ ಆ ಪುಟವನ್ನು ಲಗತ್ತಿಸುತ್ತೇವೆ. ಸದಸ್ಯರ ಪಟ್ಟಿಗಾಗಿ ಇಂದೇ ಪತ್ರ ಬರೆಯುತ್ತೇನೆ. ಹಾಸನ, ಚಿಕ್ಕಮಗಳೂರಿನಲ್ಲಿ ಗೇಮ್ ತಯಾರಿಸುವ ಬೇರೆ ತಂಡಗಳಿದ್ದರೆ ದಯವಿಟ್ಟು ಇಲ್ಲಿ ತಿಳಿಸಿ; ಸೇರುವುದಾದರೆ ಒಟ್ಟಿಗೆ ಸೇರೋಣ.