ಟರ್ಬೊ ಎಂಜಿನ್ ಮರುಜೋಡಣೆ: ಗಿರಿಯ ಮೇಲೆ ತಡೆದುಕೊಂಡ ಪಿಸ್ಟನ್ ಕರಾವಳಿಯಲ್ಲಿ ಮುರಿದದ್ದೇಕೆ?

ಗಿರಿಸವಾರ, ಚಿಕ್ಕಮಗಳೂರು:
ನನ್ನ ಬಳಿ ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದೆ. ಅದರದು 1,781 ಸಿಸಿಯ, ಇಪ್ಪತ್ತು ವಾಲ್ವುಗಳ ಟರ್ಬೊ ಪೆಟ್ರೋಲ್ ಎಂಜಿನ್. ಕಾರ್ಖಾನೆಯಿಂದ ಬಂದಾಗಿನ ಶಕ್ತಿ 150 ಅಶ್ವಶಕ್ತಿ. ಎರಡು ವರ್ಷದ ಹಿಂದೆ ಟರ್ಬೊ ಒತ್ತಡವನ್ನು ಏರಿಸುವ ಒಂದು ಬ್ಲೀಡ್ ವಾಲ್ವ್ ಹಾಕಿಸಿ, ಮೀಟರಿನಲ್ಲಿ ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿಯೊತ್ತಡ) 1 ಬಾರ್ ತೋರಿಸುವಂತೆ ಮಾಡಿಸಿದ್ದೆ. ಅಂದಿನಿಂದ ಮುಳ್ಳಯ್ಯನಗಿರಿಗೆ ಎಷ್ಟೋ ಸಲ ಹತ್ತಿಸಿದ್ದೇನೆ, ಒಮ್ಮೆಯೂ ತಕರಾರು ಬಂದಿರಲಿಲ್ಲ. ಆದರೆ ಕಳೆದ ಏಪ್ರಿಲ್‌ನಲ್ಲಿ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುವಾಗ, ಲಾರಿಯೊಂದನ್ನು ಹಿಂದೆ ಹಾಕಲು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ, ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದಂಥ ಸದ್ದು ಕೇಳಿ, ಹಿಂದೆಯೇ ನೀಲಿ ಹೊಗೆ ಬಂತು. ಹಾಸನದಲ್ಲಿ ಎಂಜಿನ್ ಬಿಚ್ಚಿಸಿ ನೋಡಿದರೆ, ಮೂರನೆಯ ಪಿಸ್ಟನ್ನಿನಲ್ಲಿ ಎರಡು ರಿಂಗುಗಳ ನಡುವಿನ ಅಂಚು ಚಕ್ಕೆಯಾಗಿ ಮುರಿದಿತ್ತು. ಈಗ ಫೋರ್ಜ್ಡ್ (ಬಡಿದು ಮಾಡಿದ, ಹೆಚ್ಚು ಗಟ್ಟಿಯಾದ) ಪಿಸ್ಟನ್ ಮತ್ತು ರಾಡುಗಳನ್ನು ತರಿಸಿದ್ದೇನೆ. ಜೋಡಿಸುವ ಮೊದಲು ಗಮನಿಸಬೇಕಾದದ್ದೇನು, ಮತ್ತು ಗಿರಿ ಹತ್ತುವಾಗ ಆಗದ್ದು ಸಪಾಟು ರಸ್ತೆಯಲ್ಲಿ ಏಕಾಯಿತು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಬೂಸ್ಟ್ ಲೆಕ್ಕಿಗ:
ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಗದೆ ಜೋಡಿಸಿದರೆ ಹೊಸ ಪಿಸ್ಟನ್ನಿಗೂ ಅದೇ ಗತಿ. ನಿಮ್ಮ ಬೂಸ್ಟ್ ಮೀಟರು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡವಿದೆ ಎಂಬುದನ್ನಷ್ಟೇ ಹೇಳುತ್ತದೆ. ಸುಮಾರು 1,090 ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡವೇ ಹೆಚ್ಚುಕಡಿಮೆ 0.89 ಬಾರ್ ಇರುವುದರಿಂದ, ಮೀಟರಿನಲ್ಲಿ 1 ಬಾರ್ ಇದ್ದಾಗ ಎಂಜಿನ್ನಿಗೆ ಸಿಗುವುದು 1.89, ಮಂಗಳೂರಿನಲ್ಲಿ ಮುಳ್ಳು ಅದೇ ಗೆರೆಯ ಮೇಲೆ ನಿಂತಿದ್ದರೂ ಸಿಗುವುದು 2.01. ಬೂಸ್ಟನ್ನು ಮಿತಿಯಲ್ಲಿಡುವ ಕವಾಟವಾದ ವೇಸ್ಟ್‌ಗೇಟಿನ ಸ್ಪ್ರಿಂಗಿನ ಒಂದು ಬದಿಗೆ ಹೊರಗಿನ ಗಾಳಿಯೇ ಇರುವುದರಿಂದ ಅದಕ್ಕೂ ಈ ವ್ಯತ್ಯಾಸ ತಿಳಿಯುವುದಿಲ್ಲ. ಮೂಲ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಒತ್ತಡವನ್ನು ಸೆನ್ಸರಿನಿಂದ ಅಳೆದು ವೇಸ್ಟ್‌ಗೇಟನ್ನು ತಾನೇ ತಿದ್ದುತ್ತಿತ್ತು. ಆ ಅಧಿಕಾರವನ್ನು ಬ್ಲೀಡ್ ವಾಲ್ವ್ ಕಿತ್ತುಕೊಂಡಿದೆ. ಇದರ ಮೇಲೆ ಏಪ್ರಿಲ್‌ನ ಕರಾವಳಿಯ ಸೆಖೆಗೆ, ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಸೋತು, ಟ್ಯಾಂಕಿನಲ್ಲಿ 91 ಆಕ್ಟೇನ್ ಪೆಟ್ರೋಲೂ ಇದ್ದಿದ್ದರೆ, ನೀವು ಕೇಳಿದ ಗೋಲಿಯ ಸದ್ದು ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ತಾನಾಗಿ ಸಿಡಿಯುವುದು) ಅಲ್ಲದೆ ಬೇರೇನೂ ಆಗಿರಲಾರದು.

ಹಾಗೆಂದು ಮುಳ್ಳಯ್ಯನಗಿರಿಯಲ್ಲಿ ಎಲ್ಲವೂ ಸರಿಯಿತ್ತೆಂದು ಭಾವಿಸಬೇಡಿ. ತುದಿಯಲ್ಲಿ ಹೊರಗಿನ ಒತ್ತಡ 0.80 ಬಾರಿನ ಆಸುಪಾಸಿನಲ್ಲಿರುವಾಗ 1 ಬಾರ್ ಬೂಸ್ಟ್ ಕೊಡಲು ಆ ಪುಟ್ಟ ಕೆ03 ಟರ್ಬೊ ಗಾಳಿಯನ್ನು 2.25 ಪಟ್ಟು ಒತ್ತಬೇಕಾಗುತ್ತದೆ. ಮಂಗಳೂರಿನಲ್ಲಾದರೆ ಎರಡು ಪಟ್ಟು ಸಾಕು. ಗಿರಿಯಲ್ಲಿ ಪಿಸ್ಟನ್ ಉಳಿದಿತ್ತು, ಸವೆಯುತ್ತಿದ್ದುದು ಟರ್ಬೊ. ಅದರ ಶಾಫ್ಟನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ.

ಲೇತ್ ಮನೆ, ಹಾಸನ:
ಮೇಲಿನವರ ಮಾತನ್ನು ಒಪ್ಪುತ್ತೇನೆ. ಜೋಡಣೆಯ ಬಗ್ಗೆ ನಾನು ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು ಸಂಪ್ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ) ಬಿಚ್ಚಿ ಆಯಿಲ್ ಪಿಕಪ್ ಪೈಪಿನ ಜಾಲರಿಯನ್ನು ನೋಡಿ. ಈ ಎಂಜಿನ್ನುಗಳಲ್ಲಿ ಅದು ಕಾಫಿ ಚರಟದಂಥ ಕಪ್ಪು ಮಡ್ಡಿಯಿಂದ ಅರ್ಧ ಮುಚ್ಚಿಹೋಗಿರುವುದನ್ನು ಹಲವು ಸಲ ಕಂಡಿದ್ದೇನೆ. ಅದನ್ನು ತೊಳೆಯುವ ಗೋಜಿಗೆ ಹೋಗದೆ ಹೊಸದನ್ನೇ ಹಾಕಿ.

ಹೋನಿಂಗ್ (ಸಿಲಿಂಡರಿನ ಒಳಗೋಡೆಯನ್ನು ಉಜ್ಜುವುದು) ಮಾಡಿಸುವಾಗ ಬ್ಲಾಕಿನ ಮೇಲೆ, ಹೆಡ್ಡಿನ ಬದಲಿಗೆ, ದಪ್ಪನೆಯ ಟಾರ್ಕ್ ಪ್ಲೇಟ್ ಬಿಗಿಸಿ ಮಾಡಿಸಿರಿ, ಏಕೆಂದರೆ ಹೆಡ್ ಬೋಲ್ಟುಗಳ ಎಳೆತಕ್ಕೆ ಬೋರಿನ (ಸಿಲಿಂಡರಿನ ಕೊಳವೆಯ) ಗುಂಡಗಿನ ಆಕಾರ ಕೆಡುತ್ತದೆ. ನಂತರ ಪ್ರತಿ ರಿಂಗನ್ನೂ ಅದು ಕೂರಬೇಕಾದ ಬೋರಿನಲ್ಲೇ ಇಳಿಸಿ, ಪಿಸ್ಟನ್ನಿನ ತಲೆಯಿಂದ ನೆಟ್ಟಗೆ ತಳ್ಳಿ, ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳಿಂದ) ಅಳೆಯಿರಿ. ಟರ್ಬೊ ಎಂಜಿನ್ನಿನ ಮೇಲಿನ ರಿಂಗಿಗೆ ಬೋರಿನ ಪ್ರತಿ ಮಿಲಿಮೀಟರಿಗೆ 0.0045ರಿಂದ 0.005 ಮಿ.ಮೀ. ಎಂಬ ಲೆಕ್ಕವಿದೆ, ನಿಮ್ಮ 81 ಮಿ.ಮೀ. ಬೋರಿಗೆ ಅದು 0.36ರಿಂದ 0.40 ಆಗುತ್ತದೆ. ಪಿಸ್ಟನ್ನಿನ ಪೆಟ್ಟಿಗೆಯಲ್ಲಿ ತಯಾರಕರ ಚೀಟಿಯಿದ್ದರೆ ಅದರ ಮಾತೇ ಅಂತಿಮ. ಸಂದು ಕಡಿಮೆಯಾದರೆ ಕಾದ ರಿಂಗಿನ ತುದಿಗಳು ಪರಸ್ಪರ ಒತ್ತಿಕೊಂಡು ಅಂಚನ್ನು ಕಿತ್ತುಹಾಕುತ್ತವೆ. ನಿಮ್ಮ ಹಳೆಯ ರಿಂಗನ್ನು ಎಸೆದಿಲ್ಲವಾದರೆ ಅದರ ತುದಿಗಳನ್ನು ನೋಡಿ. ಕನ್ನಡಿಯಂತೆ ಹೊಳೆಯುತ್ತಿದ್ದರೆ ತಪ್ಪು ನಾಕಿಂಗಿನದು ಮಾತ್ರವಲ್ಲ.

ಮೊದಲ ಸಲ ಚಾಲೂ ಮಾಡುವ ಮುನ್ನ ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದು, ಆಯಿಲ್ ಪ್ರೆಶರ್ ಬರುವವರೆಗೆ ಬರೀ ಸ್ಟಾರ್ಟರ್ ತಿರುಗಿಸಿ.

ಹಳೇ ಡ್ರೈವರ್, ಮೂಡಿಗೆರೆ:
ಹೊಸ ಎಂಜಿನ್ನನ್ನು ಸಾವಿರ ಕಿಲೋಮೀಟರ್ ಮೆತ್ತಗೆ ಓಡಿಸಬೇಕೆಂದು ನಾವು ಕಲಿತದ್ದು. ಅದನ್ನೇ ಪಾಲಿಸಿ.

ಲೇತ್ ಮನೆ, ಹಾಸನ:
ಹಿರಿಯರ ಮಾತನ್ನು ಮೀರುತ್ತಿರುವುದಕ್ಕೆ ಕ್ಷಮೆಯಿರಲಿ. ಹೋನಿಂಗಿನ ಗೀರುಗಳು ಚೂಪಾಗಿರುವಾಗಲೇ, ಹೊರೆ ಬಿದ್ದರೆ ಮಾತ್ರ ರಿಂಗು ಬೋರಿಗೆ ಹೊಂದಿಕೊಳ್ಳುತ್ತದೆ. ಬೂಸ್ಟ್ ಕಡಿಮೆಯಿಟ್ಟು, ಮೂರನೆಯ ಗೇರಿನಲ್ಲಿ ಏರು ಹತ್ತಿಸಿ, ಅದೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಸಿ. ನಿಮ್ಮೂರಿನ ರಸ್ತೆಗಳು ಇದಕ್ಕೆಂದೇ ಮಾಡಿದಂತಿವೆ. ಮೊದಲ ಆಯಿಲನ್ನು ಬೇಗನೆ ಬದಲಿಸಿ.

ಗಿರಿಸವಾರ, ಚಿಕ್ಕಮಗಳೂರು:
ಎಲ್ಲರಿಗೂ ಧನ್ಯವಾದಗಳು. ಹಳೆಯ ರಿಂಗು ಗ್ಯಾರೇಜಿನ ಡಬ್ಬಿಯಲ್ಲೇ ಸಿಕ್ಕಿತು. ಅದರ ಎರಡು ತುದಿಗಳೂ ಹೊಳೆಯುತ್ತಿವೆ. ಹೊಸ ರಿಂಗನ್ನು ಮೂರನೆಯ ಬೋರಿನಲ್ಲಿಟ್ಟು ಅಳೆದರೆ ಸಂದು 0.28 ಇದೆ, ಚೀಟಿಯಲ್ಲಿ 0.38 ಎಂದಿದೆ. ಬ್ಲೀಡ್ ವಾಲ್ವನ್ನು ತೆಗೆಸಿದ್ದೇನೆ. ನಾಳೆ ರಿಂಗುಗಳ ತುದಿಗಳನ್ನು ಅರದಿಂದ ಉಜ್ಜಿಸಲು ಹಾಸನಕ್ಕೆ ಹೋಗುತ್ತಿದ್ದೇನೆ.