ಅಪ್‌ಡೇಟ್: ಓಟಿಜಿ (ಕೇಕ್ ಬೇಯಿಸೋ ಕರೆಂಟ್ ಓವನ್) ಬಿಸಿಯಾಗ್ತಿದೆ, ತೊಂದರೆ ಇದ್ದದ್ದು ಟೈಮರ್‌ನಲ್ಲಿ

ಹೋದ ವಾರ ಕೇಳಿದ್ದೆನಲ್ಲ, ಹೊಸ ಓಟಿಜಿಯಲ್ಲಿ 180 ಡಿಗ್ರಿ ಇಟ್ಟರೂ ರಾಡ್ ಕಾಯ್ತಾನೇ ಇಲ್ಲ ಅಂತ? ಸರಿಹೋಯ್ತು!

ಬೇರೆ 16 ಆಂಪಿಯರ್ ಸಾಕೆಟ್‌ಗೆ ಹಾಕಿ ನೋಡಿದೆ, ಪ್ರಯೋಜನ ಆಗಲಿಲ್ಲ. ಕೆಲಸಕ್ಕೆ ಬಂದದ್ದು "ಟೈಮರ್ ತಿರುಗಿಸಿದ್ದೀರಾ?" ಅಂತ ಕೇಳಿದ ಅಕ್ಕನ ಮಾತು. ಟೈಮರ್ ಸೊನ್ನೆಯಲ್ಲಿದ್ದರೆ ಉಳಿದ ನಾಬ್ ಎಷ್ಟು ತಿರುಗಿಸಿದರೂ ರಾಡ್‌ಗೆ ಕರೆಂಟೇ ಹೋಗಲ್ಲ. ತುಂಬಾ ಥ್ಯಾಂಕ್ಸ್ ಅಕ್ಕ! ಐದೇ ನಿಮಿಷ ಸಾಕಿದ್ದರೂ ನಾನೀಗ ಟೈಮರ್ ಮೊದಲು 20ರ ತನಕ ತಿರುಗಿಸಿ, ಆಮೇಲೆ ಹಿಂದಕ್ಕೆ ಐದಕ್ಕೆ ತರ್ತೀನಿ.

ಮಧ್ಯೆ ಕೆಂಪು ದೀಪ ಆರಿದಾಗ ಮತ್ತೆ ಕೆಟ್ಟಿತೇನೋ ಅಂತ ಗಾಬರಿಯಾಯ್ತು. ಅದು ಥರ್ಮೋಸ್ಟಾಟ್ ಕೆಲಸವಂತೆ: ಶಾಖ ಸಾಕಾದಾಗ ಆರುತ್ತೆ, ತಗ್ಗಿದಾಗ ಹತ್ತುತ್ತೆ.

ನಿನ್ನೆ ಕೆಳಗಿನ ರಾಡ್ ಮಾತ್ರ ಹಾಕಿ ರವೆ ಕೇಕ್ ಮಾಡಿದೆ. ಮೇಲೆ ಸೀಯದೆ ಒಳಗೂ ಚೆನ್ನಾಗಿ ಬೆಂದಿತ್ತು.