ಚರ್ಮದೊಳಗೆ ಹುಳು: ಟುಂಬು ನೊಣವೋ, ಬಾಟ್ ಫ್ಲೈಯೋ?

ಘಾನಾದಲ್ಲಿದ್ದೇವೆ, ಮಗನ ಸೊಂಟದ ಸುತ್ತ ಕುರುಗಳೆದ್ದಿವೆ, ನಾಯಿಯ ಹೊಟ್ಟೆಯ ಮೇಲೂ ಇವೆ, ಒಳಗೆ ಏನೋ ಮಿಸುಕಾಡುತ್ತದೆ, ಬಾಟ್ ಫ್ಲೈ ಇರಬಹುದಾ, ಹಿಸುಕಿ ತೆಗೆಯಲಾ ಎಂದು ಕೇಳಿದ್ದೀರಿ ಅಲ್ವಾ?

ಗಾಬರಿ ಬೇಡ. ಮನುಷ್ಯರಿಗೆ ಹತ್ತುವ ಆ ಬಾಟ್ ಫ್ಲೈ ಇರುವುದು ಮೆಕ್ಸಿಕೋದಿಂದ ಅರ್ಜೆಂಟೀನಾದವರೆಗೆ. ಘಾನಾದಲ್ಲಿ ಹೀಗಾದರೆ ಮೊದಲು ಅನುಮಾನಿಸಬೇಕಾದ್ದು ಟುಂಬು ನೊಣವನ್ನು. ಉಗಾಂಡಾದಲ್ಲಿದ್ದಾಗ ನಮ್ಮ ಮನೆಯಲ್ಲೂ ಇದು ಆಗಿತ್ತು. ಬಾಟ್ ಫ್ಲೈ ಕಾಟ ಅನುಭವಿಸಿದ್ದು ಕೋಸ್ಟರಿಕಾದಲ್ಲಿದ್ದ ನನ್ನ ತಮ್ಮ. ಕುರು ನೋಡಲು ಎರಡೂ ಒಂದೇ ಥರ. ಆದರೆ ಹುಳು ಒಳಗೆ ಸೇರುವ ದಾರಿ ಬೇರೆ, ಅದನ್ನು ತೆಗೆಯುವ ರೀತಿಯೂ ಬೇರೆ.

ಟುಂಬು ನೊಣ ನೆರಳಲ್ಲಿ ಒಣಹಾಕಿದ ಬಟ್ಟೆಯ ಮೇಲೆ, ಇಲ್ಲವೇ ಉಚ್ಚೆ ವಾಸನೆ ಇರುವ ಮಣ್ಣಲ್ಲಿ ಮೊಟ್ಟೆಯಿಡುತ್ತದೆ. ಆ ಬಟ್ಟೆ ತೊಟ್ಟರೆ ಮರಿಹುಳು ಚರ್ಮದೊಳಗೆ ನುಸುಳುತ್ತದೆ. ಅದಕ್ಕೇ ಸೊಂಟ, ಬೆನ್ನಿನ ಕಡೆ ಒಟ್ಟಿಗೆ ಹಲವು ಏಳುವುದು. ನಾಯಿ ಮಣ್ಣಲ್ಲಿ ಮಲಗುತ್ತದಲ್ಲ, ಅದಕ್ಕೆ ಹೊಟ್ಟೆ, ಪಾದಗಳಲ್ಲಿ ಜಾಸ್ತಿ.

ಬಾಟ್ ಫ್ಲೈ ತಾನಾಗಿ ನಮ್ಮ ಮೈಮೇಲೆ ಮೊಟ್ಟೆಯಿಡುವುದಿಲ್ಲ. ಸೊಳ್ಳೆಯನ್ನು ಹಿಡಿದು ಅದರ ಹೊಟ್ಟೆಗೆ ಮೊಟ್ಟೆ ಅಂಟಿಸಿ ಬಿಡುತ್ತದೆ! ಆ ಸೊಳ್ಳೆ ದನವನ್ನೋ ಮನುಷ್ಯರನ್ನೋ ಕಚ್ಚುವಾಗ ಮೈ ಬಿಸಿಗೆ ಮರಿ ಹೊರಬಂದು ಒಳಗೆ ಸೇರುತ್ತದೆ. ತಮ್ಮನಿಗೆ ಆಗಿದ್ದು ತಲೆಯಲ್ಲಿ, ಒಂದೇ ಒಂದು. ಅದು 5ರಿಂದ 10 ವಾರ ಒಳಗೇ ಬೆಳೆಯುತ್ತದೆ. ಮೈ ಸುತ್ತ ಹಿಂದಕ್ಕೆ ಬಾಗಿದ ಮುಳ್ಳುಗಳಿರುವುದರಿಂದ ಎಳೆದಷ್ಟೂ ಕಚ್ಚಿಕೊಳ್ಳುತ್ತದೆ. ಬಲವಂತ ಮಾಡಿದರೆ ತುಂಡಾಗಿ ಕೀವಾಗುತ್ತದೆ. ವೈದ್ಯರು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಣ್ಣದಾಗಿ ಕೊಯ್ದು ತೆಗೆದರು.

ಟುಂಬು ಹಾಗಲ್ಲ. ಅದು ಬಲಿಯಲು 8ರಿಂದ 12 ದಿನ ಸಾಕು, ಬರುವುದೂ ಸುಲಭ. ನಾವು ಕುರುವಿನ ತೂತಿನ ಮೇಲೆ ವ್ಯಾಸಲೀನ್ ದಪ್ಪಗೆ ಹಚ್ಚಿ ಕಾದೆವು. ಗಾಳಿ ಸಿಗದೆ ಬಿಳಿ ಹುಳುವಿನ ಬಾಲದ ತುದಿ ಇಣುಕಿತು, ಅದರಲ್ಲಿ ಎರಡು ಕಪ್ಪು ಚುಕ್ಕೆ. ಹುಳು ಉಸಿರಾಡುವುದು ಅಲ್ಲಿಂದಲೇ. ಆಗ ಎರಡೂ ಬದಿಯಿಂದ ಮೆಲ್ಲಗೆ ಒತ್ತಿದರೆ ಇಡೀ ಹುಳು ಜಾರಿ ಬರುತ್ತದೆ. ಅದು ಇಣುಕುವ ಮೊದಲೇ ಸುಮ್ನೆ ಹಿಸುಕಬೇಡಿ. ಆಮೇಲೆ ಸೋಪು ಹಾಕಿ ತೊಳೆದು ಆಂಟಿಸೆಪ್ಟಿಕ್ ಹಚ್ಚಿ.

ನಾಯಿಯನ್ನು ಪಶುವೈದ್ಯರಿಗೇ ತೋರಿಸಿ, ಅದಕ್ಕೆ ಎಷ್ಟಾಗಿವೆಯೋ ಕೂದಲಲ್ಲಿ ಗೊತ್ತಾಗುವುದಿಲ್ಲ. ಅದರ ಹಾಸಿಗೆಯನ್ನೂ ಬಿಸಿನೀರಲ್ಲಿ ಒಗೆಯಿರಿ. ಮಗನಿಗೆ ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ, ಇಲ್ಲವೇ ಕಣ್ಣಿನ ಹತ್ತಿರ ಎದ್ದರೆ ಮನೆಯಲ್ಲಿ ಕೈ ಹಾಕದೆ ಆಸ್ಪತ್ರೆಗೆ ಹೋಗಿ.

ಇವತ್ತಿನಿಂದಲೇ ಎಲ್ಲ ಬಟ್ಟೆಗೂ ಎರಡೂ ಕಡೆ ಬಿಸಿ ಇಸ್ತ್ರಿ ಹಾಕಿ. ಒಳಉಡುಪು, ಟವೆಲ್, ಹೊದಿಕೆ ಬಿಡಬೇಡಿ. ಹೊಲಿಗೆಯ ಅಂಚು, ಸೊಂಟದ ಪಟ್ಟಿಯ ಮೇಲೆ ಇಸ್ತ್ರಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಲಿ.